ಆಯೇರಿಯಾಗಿ ಬಂದ ಲಿಂಕುಗಳು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಪಡಸಾಲೆ ತೊಳೆದೆ. ನಮ್ಮ ಮನೆಯ ನೆಲವೆಲ್ಲ ಪರಸಿ. ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರಲ್ಲ, ಅದೇ. ನೀರು ಬಿದ್ದ ಕೂಡಲೇ ಅದರ ಬೂದಿ ಬಣ್ಣ ಹೋಗಿ ಮೋಡದ ನೀಲಿ ಬರುತ್ತದೆ. ಒಣಗುವಾಗ ಕಲ್ಲಿನ ನಡುಭಾಗ ಮೊದಲು ಬೆಳ್ಳಗಾಗುತ್ತದೆ, ಸಂದುಗಳು ಮಾತ್ರ ಬಹಳ ಹೊತ್ತು ಕಪ್ಪಗೇ ಇರುತ್ತವೆ. ಸಂದು ಒಣಗುವುದರೊಳಗೆ ಚಹಾ ಆಗಬೇಕು ಎಂಬುದು ನನ್ನ ಲೆಕ್ಕ. ಚಹಾ ಸೋಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದೆ. ನಮ್ಮ ಕಲ್ಲಿನ ಹೆಸರು ಬರೆದು ಹುಡುಕಿದೆ. ಇದೂ ದಿನದ ಕೆಲಸವೇ ಆಗಿತ್ತು.

ಎಂದಿನಂತೆ ಮೊದಲು ಪುಣೆಯ ಅಂಗಡಿಗಳು ಬಂದವು, ಆಮೇಲೆ ಹೈದರಾಬಾದಿನವು. ಶಹಾಬಾದ್ ಎಂದು ಹುಡುಕಿದರೆ ಶಹಾಬಾದಿನಲ್ಲೇ ಇರುವ ನಾವು ಮಾತ್ರ ಬಹಳ ಕೆಳಗೆ ಎಲ್ಲೋ ಸಿಗುತ್ತಿದ್ದೆವು. ಆ ದಿನ ಬೆರಳು ನೋಯುವವರೆಗೂ ಕೆಳಗಿಳಿದೆ. ನಾವು ಸಿಗಲೇ ಇಲ್ಲ.

"ಸಿಕ್ತೇನು?" ಅಂದರು ನಮ್ಮ ಮನೆಯವರು, ಬಸಿಯಲ್ಲಿ ಚಹಾ ಆರಿಸುತ್ತ.

"ಇವತ್ತು ಯಾಕೋ ಕಾಣವಲ್ದುರಿ."

ಅವರು ಬಸಿ ಕೆಳಗಿಟ್ಟು ಹಿತ್ತಲ ಬಾಗಿಲ ಕಡೆ ನೋಡಿದರು. ಅದೇ ನನಗೆ ಕಷ್ಟವಾಯಿತು.

ಮನೆಯ ಹಿಂದೆಯೇ ನಮ್ಮ ಪಾಲಿಶ್ ಶೆಡ್ಡು. ಖಣಿಯಿಂದ ಬಂದ ಕಲ್ಲನ್ನು ಕತ್ತರಿಸಿ, ಉಜ್ಜಿ, ಹೊಳಪು ಬರಿಸಿ ಮಾರುವುದು ಮಾವನವರ ಕಾಲದ ಕಸುಬು. ಊರಿನವರೆಲ್ಲ ಈಗ ಟೈಲ್ಸ್ ಹಾಕಿಸುತ್ತಾರೆ. ಪರಸಿ ಬೇಕು ಅನ್ನುವವರು ಇರುವುದು ದೂರದ ಊರುಗಳಲ್ಲಿ, ಅವರು ಹುಡುಕುವುದು ಫೋನಿನಲ್ಲಿ. ಈ ನಡುವೆ ವಾಡಿಯ ಲಾರಿ ಮಾಲೀಕರೊಬ್ಬರು ಸಿಮೆಂಟ್ ಲಾರಿ ನಿಲ್ಲಿಸಲು ನಮ್ಮ ಶೆಡ್ಡಿನ ಜಾಗ ಬಾಡಿಗೆಗೆ ಕೇಳಿದ್ದರು. ಒಪ್ಪಿದರೆ ಮಷೀನು ಕಿತ್ತು ನೆಲ ಸಮ ಮಾಡಿ ಕೊಡಬೇಕು. "ಸ್ವಲ್ಪ ತಡೀರಿ, ನಮ್ಮ ವೆಬ್‌ಸೈಟ್ ಮ್ಯಾಲ ಬರ್ತದ" ಎಂದು ಮನೆಯವರನ್ನು ತಡೆದು ಹಿಡಿದವಳು ನಾನೇ. ಲಾರಿಯವರು ಇನ್ನು ಕಾಯುವುದಿಲ್ಲವೆಂದು ಹಿಂದಿನ ದಿನ ಹೇಳಿ ಕಳಿಸಿದ್ದರು.

ವೆಬ್‌ಸೈಟ್ ಮಾಡಿಕೊಟ್ಟವಳು ನನ್ನ ಕಾನ್ವೆಂಟಿನ ಗೆಳತಿ. ಸೇಡಂನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾಳೆ. ಶುರುವಿನಲ್ಲೇ ಹೇಳಿದ್ದಳು: "ನಮ್ಮದು ಛಲೋ ಅದ ಅಂತ ನಾವೇ ಬರ್ಕೊಂಡ್ರ ಆಗಲ್ಲ. ಬ್ಯಾರೆಯವರು ತಮ್ಮ ವೆಬ್‌ಸೈಟಿನಾಗ ನಿನ್ನ ಕಡಿ ಕೈ ಮಾಡಿ ತೋರಿಸ್ಬೇಕು. ಅದಕ್ಕ ಲಿಂಕ್ ಅಂತಾರ. ನಾಕು ಮಂದಿ ತೋರಿಸಿದ್ರ ಸರ್ಚ್ ಮಾಡೋ ಮಷೀನಿಗಿ ನಿನ್ನ ಮ್ಯಾಲ ಭರೋಸಾ ಬರ್ತದ."

ನಾನು ಮೊದಲು ಗುರುತಿಲ್ಲದವರಿಗೇ ಬರೆದೆ. ಮನೆ ಕಟ್ಟಿಸುವ ಎಂಜಿನಿಯರುಗಳಿಗೆ, ಹಳೆಯ ಮನೆಗಳ ಬಗ್ಗೆ ಬರೆಯುವವರಿಗೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪತ್ರಲೇಖನದ ಹಾಗೆ, ಮೇಲೆ ವಿಳಾಸ, ನಡುವೆ ವಿಷಯ, ಕೊನೆಗೆ ವಿಧೇಯಳು. ಯಾರೂ ಉತ್ತರಿಸಲಿಲ್ಲ. ಆಗ ನನ್ನ ಬುದ್ಧಿ ನೆಂಟರ ಕಡೆ ಹೋಯಿತು. ಸೇಡಂನಲ್ಲಿ ನಾದಿನಿಯವರ ತೊಗರಿಬೇಳೆ ಮಿಲ್ಲಿದೆ, ಚಿತ್ತಾಪುರದಲ್ಲಿ ಸೋದರಮಾವನ ಫಂಕ್ಷನ್ ಹಾಲ್, ವಾಡಿಯಲ್ಲಿ ಮೈದುನನ ಟ್ರಾವೆಲ್ಸ್, ಚಿಂಚೋಳಿಯಲ್ಲಿ ಅಕ್ಕನ ಬೀಗರ ನರ್ಸರಿ. ಎಲ್ಲರದೂ ಒಂದೊಂದು ವೆಬ್‌ಸೈಟ್ ಇತ್ತು. ಕೇಳಿದವರಲ್ಲಿ ಒಬ್ಬರೂ ಇಲ್ಲ ಅನ್ನಲಿಲ್ಲ.

"ಅದರಾಗೇನದ ವೈನಿ, ಇವತ್ತೇ ಹಾಕಿಸ್ತೀನಿ" ಅಂದಿದ್ದಳು ನಾದಿನಿ. "ನಮ್ಮ ಬ್ಯಾಳಿದೂ ನಿಮ್ಮಲ್ಲಿ ಹಾಕ್ರಿ ಮತ್ತ."

ಹಾಕದೆ ಇರಲು ಬರುತ್ತದೆಯೇ? ಮದುವೆಯಲ್ಲಿ ಸೀರೆ ಆಯೇರಿ ಮಾಡಿದವರಿಗೆ ನಾವು ಕುಪ್ಪಸದ ಖಣವನ್ನಾದರೂ ತಿರುಗಿ ಕೊಡುತ್ತೇವೆ. ಪಲ್ಯ ಬಂದ ಬಟ್ಟಲಿಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಹಾಗೆ ಕೊಟ್ಟವರ ಹೆಸರನ್ನೆಲ್ಲ ನಮ್ಮ ವೆಬ್‌ಸೈಟಿನ ಕೆಳಗೆ ಸಾಲಾಗಿ ಹಾಕಿದೆ. ಅವರನ್ನು ನೋಡಿ ಇನ್ನೊಬ್ಬರು ಕೇಳಿದರು, ಅವರದೂ ಸೇರಿತು.

"ಇದು ಕಲ್ಲಿನ ಅಂಗಡ್ಯೋ, ಲಗ್ನಪತ್ರಿಕೀನೋ?" ಎಂದು ಮನೆಯವರು ನಕ್ಕಿದ್ದರು. "ಕೆಳಗ ‘ಕುಟುಂಬ ಸಮೇತ ಬರ್ರಿ’ ಅಂತ ಒಂದು ಬರಿ."

ಆ ಬೆಳಿಗ್ಗೆ ಅವರು ಶೆಡ್ಡಿಗೆ ಹೋದ ಮೇಲೆ ಗೆಳತಿಗೆ ಫೋನ್ ಮಾಡಿದೆ. ಅವಳು ಅಲ್ಲಿಂದಲೇ ನಮ್ಮ ವೆಬ್‌ಸೈಟ್ ತೆರೆದು ನೋಡಿ ಕೂಗಿಕೊಂಡಳು.

"ಯವ್ವಾ, ಇದೇನ್ ಮಾಡಿಟ್ಟೀ? ಬ್ಯಾಳಿ, ಟ್ರಾವೆಲ್ಸು, ಗುಲಾಬಿ ಸಸಿ! ಇವರೆಲ್ಲಾ ಕಲ್ಲಿನ ಬಗ್ಗೆ ಯಾಕ ಹೇಳ್ತಾರ?"

"ನಮ್ಮವರೇ ಅಲ್ಲೇನ?"

"ನಿನಗ ನಿನ್ನವರು. ಮಷೀನಿಗೇನು? ನೀ ನನಗ ಹಾಕು, ನಾ ನಿನಗ ಹಾಕ್ತೀನಿ ಅಂತ ಮಾಡ್ಕೊಂಡಿದ್ದು ಅದಕ್ಕ ಗೊತ್ತಾಗ್ತದ. ಸುಳ್ಳ ಸಾಕ್ಷಿ ಅಂತ ತಿಳ್ಕೊಂಡು ನಿನ್ನ ಕೆಳಗ ತಳ್ಳೇದ."

ಪುಣೆಯ ಹೆಂಗಸೊಬ್ಬರು ಯಾರೂ ಹೇಳದೆಯೇ ಹಾಕಿದ್ದ ಲಿಂಕ್ ಒಂದಿತ್ತು. ಪರಸಿಯ ಮೇಲೆ ಎಣ್ಣೆ ಚೆಲ್ಲಿದರೆ ಕಡಲೆಹಿಟ್ಟು ಉದುರಿಸಿ ತೆಗೆಯುವುದು ಹೇಗೆ ಎಂದು ನಾನು ಬರೆದದ್ದನ್ನು ಅವರು ಓದಿ, ತಮ್ಮ ಹಳೆಯ ಮನೆಯ ನೆಲದ ಬಗ್ಗೆ ಬರೆಯುವಾಗ ನಮ್ಮನ್ನು ತೋರಿಸಿದ್ದರು. ಊರ ಹೊರಗಿನಿಂದ ವಿಚಾರಿಸಿ ಬಂದ ಒಂದೇ ಒಂದು ಫೋನ್ ಅದರಿಂದಲೇ. "ಅದೊಂದು ಇಟ್ಕೋ, ಉಳಿದಿದ್ದೆಲ್ಲ ತೆಗಿ. ನಿಮ್ಮ ಮಂದಿಗೂ ನಿನ್ನ ಹೆಸರು ತೆಗಿಲಿಕ್ಕ ಹೇಳು. ಆಮ್ಯಾಲೂ ತಿಂಗಳುಗಟ್ಟಲೆ ಕಾಯ್ಬೇಕು, ನೋಡು" ಅಂದಳು ಗೆಳತಿ.

ಹೆಸರು ತೆಗೆಯುವುದು ಒಂದು ಗುಂಡಿ ಒತ್ತುವ ಕೆಲಸ. ಹೇಳದೆ ತೆಗೆಯಲು ಕೈ ಬರಲಿಲ್ಲ. ಮೊದಲು ನಾದಿನಿಗೇ ಫೋನ್ ಮಾಡಿದೆ. ಹಿಂದೆ ಮಿಲ್ಲಿನ ಸದ್ದು ಕೇಳುತ್ತಿತ್ತು.

"ನಿಮ್ಮ ವೆಬ್‌ಸೈಟಿನಾಗ ನಮ್ಮ ಶೆಡ್ಡಿನ ಹೆಸರು ಅದಲ್ಲ, ಅದನ್ನ ತೆಗಿಸ್ತೀರೇನು?"

ಅವಳು ಹೊರಗೆ ಬಂದಳೇನೋ, ಮಿಲ್ಲಿನ ಸದ್ದು ಸಣ್ಣಗಾಯಿತು. ಆಮೇಲೆ ಅವಳು, "ಯಾಕ್ರಿ ವೈನಿ, ನಮ್ಮ ಬ್ಯಾಳಿ ಬಾಜೂಕ ನಿಂತ್ರ ನಿಮ್ಮ ಕಲ್ಲಿಗಿ ಸಣ್ಣತನ ಆತೇನು?" ಅಂದಳು.

"ಹಂಗಲ್ರಿ, ಮಷೀನು ಹಂಗ ಅಂತದಂತ..."

"ಮಷೀನಿನ ಮ್ಯಾಲ ಹಾಕಬ್ಯಾಡ್ರಿ. ಆಯೇರಿ ವಾಪಸ್ ಕಳಿಸಿದ್ದು ನಾ ಎಲ್ಲೂ ಕಂಡಿಲ್ಲ." ಅವಳ ದನಿ ಇಳಿಯಿತು. "ನನ್ನ ತೌರಮನಿ ಹೆಸರದ ಅಂತ ನಮ್ಮ ಅತ್ತಿಯವರಿಗಿ ಫೋನಿನಾಗ ತೆಗೆದು ತೋರಿಸೀನ್ರಿ. ಈಗ ಅವರು ಕೇಳಿದ್ರ ಏನಂತ ಹೇಳ್ಲಿ?"

ಅವಳು ಹುಟ್ಟಿದ್ದು ಈ ಮನೆಯಲ್ಲಿ, ಬೆಳೆದದ್ದು ಆ ಶೆಡ್ಡಿನ ಧೂಳಿನಲ್ಲಿ. ಅವಳ ಸಾಕ್ಷಿಯೇ ಸುಳ್ಳು ಎಂದು ನಾನು ಯಾವ ಬಾಯಿಂದ ಹೇಳಲಿ?

"ಇರ್ಲಿ ಬಿಡ್ರಿ. ಹಂಗೇ ಇರ್ಲಿ" ಅಂದೆ.

ಉಳಿದವರಿಗೆ ಫೋನ್ ಮಾಡಲಿಲ್ಲ. ಕಂಪ್ಯೂಟರಿನ ಮುಂದೆ ಸುಮ್ಮನೆ ಕುಳಿತು ಆ ಹೆಸರುಗಳನ್ನು ಮೇಲಿಂದ ಕೆಳಗೆ ಓದಿದೆ. ಕಲ್ಲನ್ನು ಯಾವ ಪುಡಿಯಿಂದ ಉಜ್ಜಿದರೆ ಹೊಳಪು ಬರುತ್ತದೆಂದು ನನಗೆ ಗೊತ್ತು. ಇದನ್ನು ಎಲ್ಲಿ ಹಿಡಿದು ಉಜ್ಜಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ರೊಟ್ಟಿ ಬಡಿಸುತ್ತ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಪುಂಡಿಪಲ್ಯಕ್ಕೆ ಎಣ್ಣೆ ಹಾಕಿಕೊಳ್ಳುತ್ತಿದ್ದವರು ತಂಗಿಯ ಮಾತು ಬಂದಾಗ ಕೈ ತಡೆದರು.

"ಸಣ್ಣಕಿದ್ದಾಗ ಅಕಿ ಪಾಲಿಶಿನ ಕೆಸರಾಗ ಕಾಗದದ ದೋಣಿ ಬಿಡ್ತಿದ್ಲು. ದೋಣಿ ಹೋಗ್ತಿದ್ದಿಲ್ಲ, ಅಲ್ಲೇ ಕುಂದ್ರತಿತ್ತು. ಅಕಿ ಅಳಾಕಿ." ಸ್ವಲ್ಪ ನಕ್ಕರು. "ಬ್ಯಾಡ, ಅಕಿ ಹೆಸರು ತೆಗಿಬ್ಯಾಡ."

"ಮತ್ತ ಶೆಡ್ಡು?"

"ನೀ ಮಾಡೋದು ಮಾಡೀದಿ. ಊಟ ಮಾಡು."

ಕೈ ತೊಳೆದು ಒಳಗೆ ಹೋದವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಶೆಡ್ಡಿಗೆ ಹೋಗುವಾಗ ಅವರು ಇಸ್ತ್ರಿ ಅಂಗಿ ಹಾಕುವುದಿಲ್ಲ. ಹಿತ್ತಲ ಕಡೆ ತಿರುಗದೆ ಗಾಡಿ ತೆಗೆದುಕೊಂಡು ರಸ್ತೆಗೆ ಇಳಿದ ಸದ್ದು ಕೇಳಿಸಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಆಯಿ ಹಾಲಿಗೆ ಹೆಪ್ಪು ಕೇಳಿಕೊಂಡು ಸಣ್ಣ ಬಟ್ಟಲು ಹಿಡಿದು ಬಂದರು. ಮನೆಯವರು ಇನ್ನೂ ಬಂದಿರಲಿಲ್ಲ. ಆಯಿ ಹೊಸ್ತಿಲ ಪರಸಿಯ ಮೇಲೆ ಕುಳಿತು ಕಾಲು ಚಾಚಿದರು.

"ನಿಮ್ಮವರು ವಾಡಿ ಸ್ಟೇಷನ್ ಕಡಿ ಕಂಡಿದ್ರಂತ, ನಮ್ಮ ಮಗ ಹೇಳ್ದ. ಲಾರಿ ಮಾಲೀಕ್ರ ಜೋಡಿ ಚಹಾ ಕುಡಿಲಿಕತ್ತಿದ್ರಂತ. ಬರೋ ಸೋಮಾರದಿಂದ ಇಲ್ಲಿ ಲಾರಿ ನಿಲ್ತಾವಂತಲ್ಲ?"

ನನ್ನ ಚಮಚದ ಮೊಸರು ಬಟ್ಟಲಿಗೆ ಬೀಳದೆ ಅಂಚಿಗೆ ಬಿತ್ತು. ಬೆರಳಿನಿಂದ ಒರೆಸಿ ಬಟ್ಟಲು ಕೊಟ್ಟೆ.

ಆಯಿ ಮೊಣಕಾಲು ಹಿಡಿದುಕೊಂಡು ಎದ್ದರು. "ಛಲೋ ಆತು ಬಿಡು ತಂಗಿ. ಬೀಗರು ಬಂದ್ರ ನಮ್ಮ ಮನಿ ಸಿಗವಲ್ದು ಸಿಗವಲ್ದು ಅಂತ ಓಣಿ ತುಂಬ ಹುಡುಕ್ಯಾಡ್ತಿದ್ರು. ಇನ್ಮ್ಯಾಲ ಲಾರಿ ನಿಲ್ಲೋ ಮನಿ ಎದುರಿಗಿ ಅಂದ್ರ ಸಾಕು, ಯಾರಾದ್ರೂ ತೋರಿಸ್ತಾರ."