ಅವ್ವನಿಗೆ ಅದೇ ಸೂಜಿ

ನಾನು ಮೀನಿನ ಕಿವಿ ನೋಡಿ ಹೊಟ್ಟೆ ಹೊರೆಯುವವಳು. ಕಲಬುರಗಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಣ್ಣ ಮೀನು ಸಾಕಿ, ಅವುಗಳ ಮೈಮೇಲೆ ಕಿವಿಯ ಹಾಗೆ ಅಲುಗಾಟ ಹಿಡಿಯುವ ಕೂದಲುಕೋಶಗಳನ್ನು ದಿನವಿಡೀ ನೋಡುತ್ತೇನೆ. ನಮ್ಮ ಕಿವಿಯೊಳಗಿರುವುದೂ ಅಂಥವೇ. ಸದ್ದು ಬಡಿದಾಗ ಆ ಕೋಶದ ತುದಿಯಲ್ಲಿ ಒಂದು ಬಾಗಿಲು ತೆರೆಯುತ್ತದೆ, ಅಯಾನುಗಳೆಂಬ ವಿದ್ಯುತ್ ಕಣಗಳು ಒಳನುಗ್ಗುತ್ತವೆ, ನಮಗೆ ಕೇಳಿಸುತ್ತದೆ. ಅಯಾನ್ ಚಾನೆಲ್ ಎನ್ನುವುದು ಆ ಬಾಗಿಲನ್ನೇ. "ಇಷ್ಟ ಓದಿ ಮೀನ ಕಾಯ್ತಿ ಏನ?" ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ಆ ಬಾಗಿಲಿಗೆ ಒಂದು ದರಿದ್ರ ಬುದ್ಧಿ ಇದೆ. ಜೀವ ಉಳಿಸುವ ಒಂದು ಜಾತಿಯ ಸೂಜಿಮದ್ದನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದ ಮದ್ದಿಗೆ ಹೊರಬರುವ ದಾರಿ ಸಿಗುವುದಿಲ್ಲ. ಅಲ್ಲೇ ಕೂತು ಕೋಶವನ್ನೇ ಕೊಲ್ಲುತ್ತದೆ. ಮೀನಿಗೆ ಆ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರಿಗೆ ಹುಟ್ಟುವುದಿಲ್ಲ.

ನನ್ನ ಕಿವಿಯವು ಸತ್ತದ್ದು ನಮ್ಮೂರು ಕಮಲಾಪುರದಲ್ಲಿ. ನನಗೆ ಆರು ವರ್ಷವಿದ್ದಾಗ ಜ್ವರ ನೆತ್ತಿಗೇರಿತ್ತಂತೆ. ಕೆಂಬಾಳೆ ತೋಟದಲ್ಲಿ ಕೂಲಿಗೆ ಹೋಗಿದ್ದ ಅವ್ವ ಕೆಲಸ ಬಿಟ್ಟು, ನನ್ನನ್ನು ಹೊತ್ತು ದವಾಖಾನೆಗೆ ಓಡಿ, ಅವರಿವರ ಕಾಲು ಹಿಡಿದು ಸೂಜಿ ಮಾಡಿಸಿದಳು. ನಾನು ಬದುಕಿದೆ. ಕುಕ್ಕರಿನ ಸೀಟಿ ಕೇಳದಾಯಿತು. 'ಸಾಲಿ', 'ಖಾಲಿ' ಎರಡೂ ಕಿವಿಗೆ ಒಂದೇ ಆದವು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತೆ, ಅವ್ವನಿಗೆ ಗೊತ್ತೇ ಆಗಲಿಲ್ಲ.

ಅದು ಸೂಜಿಯ ಕೆಲಸವೆಂದು ತಿಳಿದದ್ದು ನಾನು ಈ ವಿಷಯ ಓದತೊಡಗಿದ ಮೇಲೆ. ಕೆಲವರ ಕಿವಿಯನ್ನು ಮಾತ್ರ ಆ ಮದ್ದು ಬೇಗ ತಿನ್ನುತ್ತದೆ. ಆ ಗುಣ ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ನನ್ನ ರಕ್ತ ಪರೀಕ್ಷಿಸಿಕೊಂಡೆ. ಇತ್ತು. ಅಂದರೆ ಅವ್ವನಲ್ಲೂ ಇದೆ. ನೀನು ಮಾಡಿಸಿದ ಸೂಜಿಯೇ ನನ್ನ ಕಿವಿ ತಿಂದಿತೆಂದು ಅವಳಿಗೆ ಯಾವ ಬಾಯಿಂದ ಹೇಳಲಿ? ಕೇಳಿಸಲೆಂದು ಕಿವಿಗೆ ಹಾಕಿಕೊಂಡ ಮಷೀನನ್ನು ಫೋನಿನದು ಎಂದು ನಂಬಿಸಿದೆ. "ನನ್ನ ಮಗಳಿಗಿ ದಿನಾಪೂರ್ತಿ ಫೋನ ಬರ್ತಾವ" ಎಂದು ಅವಳು ಓಣಿಗೆಲ್ಲ ಸಾರಿದಳು. ನನಗೆ ನಗು ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ಸುಳ್ಳು ಹೇಳಬಾರದೆನ್ನೋಣ, ನಿಜ ಹೇಳಿದರೆ ಅವಳು ಉಳಿಯುತ್ತಾಳೆಯೇ?

ಈ ವರ್ಷ ಅವ್ವನಿಗೇ ಜ್ವರ ಬಂತು. ಕಿಡ್ನಿಗೆ ಸೋಂಕು. ಕಲಬುರಗಿಗೆ ತಂದು ದವಾಖಾನೆಗೆ ಸೇರಿಸಿದೆ. ಮೂರನೆಯ ದಿನ ಡಾಕ್ಟರ್ ನನ್ನನ್ನು ವಾರ್ಡಿನ ಹೊರಗೆ ಕರೆದರು.

"ಬೇರೆ ಯಾವ ಔಷಧಕ್ಕೂ ಬಗ್ಗಂಗಿಲ್ಲರೀ ಮೇಡಂ. ಇದೊಂದೇ ಉಳದದ," ಎಂದು ಒಂದು ಸೂಜಿಮದ್ದಿನ ಹೆಸರು ಹೇಳಿದರು.

ಅದೇ ಜಾತಿ. ನಾನು ನನ್ನ ಕಿವಿಯ ಕತೆ, ರಕ್ತದ ಕತೆ ಎಲ್ಲ ಒದರಿಬಿಟ್ಟೆ. ಅವರು ಪೂರ್ತಿ ಕೇಳಿದರು.

"ಕಿವಿ ಹೋಗಬಹುದು, ಖರೇ. ಬಿಟ್ರ ಜೀವಾನೇ ಹೋಗ್ತದ. ನೀವೇ ಹೇಳ್ರಿ."

ಆ ಮನುಷ್ಯನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪೇನೂ ಹೇಳಿರಲಿಲ್ಲ, ಅದಕ್ಕೇ ಬಂತು. ಅವ್ವ ಎಂದರೆ ಹರಟೆ. ಎರಡು ಮನೆಯ ಸುದ್ದಿ ಕಿವಿಗೆ ಬೀಳದಿದ್ದರೆ ಅವಳಿಗೆ ರೊಟ್ಟಿ ಇಳಿಯುವುದಿಲ್ಲ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಸಹಿ ಮಾಡಿದೆ.

"ಅವರಿಗೂ ಒಂದ ಮಾತ ಹೇಳ್ರಿ," ಎಂದರು ಡಾಕ್ಟರ್.

ಹೇಳಿಯೇ ಬಿಡುತ್ತೇನೆಂದು ಒಳಗೆ ಹೋದೆ. ನರ್ಸ್ ಆಗಲೇ ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದಳು.

"ಯಾವ ಸೂಜಿ ಇದು?" ಅವ್ವ ಕೇಳಿದಳು.

"ನಾ ಸಣ್ಣಾಕಿ ಇದ್ದಾಗ ನನಗ ಮಾಡ್ಸಿದ್ದಿಯಲ್ಲಾ, ಅಂಥಾದೇ ಯವ್ವಾ. ಆದ್ರ ಅದು..."

ಮುಂದಿನದನ್ನು ಅವಳು ಹೇಳಗೊಡಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖ ಅರಳಿತು.

"ಹಂಗಾರ ಮಾಡ್ಸು. ಅದರಿಂದಾನೇ ನಿನ್ನ ಉಳಿಸ್ಕೊಂಡೀನಿ. ನಿನಗೇನರ ಆತೇನು, ನೀನೇ ಹೇಳು?"

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಏನೂ ಆಗ್ಲಿಲ್ಲ ಯವ್ವಾ," ಎಂದೆ.

ಎರಡೂ ಕಿವಿ ತುಂಬ ಕೇಳಿಸಿಕೊಂಡು, ಅವ್ವ ತೋಳು ಮುಂದೆ ಚಾಚಿದಳು.