ಫೋರ್ಕಮ್ಮನವರು ಹೊತ್ತ ನನ್ನ ತಪ್ಪು

ಯುನಿಕ್ಸ್ ಪ್ರೋಗ್ರಾಮಿಂಗ್ ಎಂದರೆ ಎದೆ ನಡುಗುತ್ತಿದ್ದ ನಮ್ಮಂಥ ನೂರಾರು ವಿದ್ಯಾರ್ಥಿಗಳಿಗೆ ಅದನ್ನು ಕೈಹಿಡಿದು ತಿದ್ದಿಸಿದವರು, ಮೂವತ್ತೆರಡು ವರ್ಷ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವನ್ನೇ ಮನೆಯಾಗಿಸಿಕೊಂಡವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಫೋರ್ಕ್ ಎಂಬ ಆಜ್ಞೆಯನ್ನು ಅವರಷ್ಟು ಅಕ್ಕರೆಯಿಂದ ಕಲಿಸಿದವರು ಬೇರೊಬ್ಬರಿಲ್ಲವಾದ್ದರಿಂದ ಹುಡುಗರು ಅವರಿಗಿಟ್ಟ ಹೆಸರು ‘ಫೋರ್ಕಮ್ಮ’. ಅದು ಅವರ ಕಿವಿಗೂ ಬಿದ್ದಿತ್ತು. “ಇನ್ನೂ ಕೆಟ್ಟ ಹೆಸರು ಇಡಬಹುದಿತ್ತು, ಬಚಾವಾದೆ” ಎಂದು ನಕ್ಕಿದ್ದರು.

ನಾನು ಅವರ ವಿದ್ಯಾರ್ಥಿಯಾಗಿದ್ದಾಗ, ಜ್ವರದಿಂದ ಎರಡು ವಾರ ತಪ್ಪಿಹೋಗಿದ್ದ ಪಾಠವನ್ನು ತಮ್ಮ ಊಟದ ಬಿಡುವಿನಲ್ಲಿ ಎದುರು ಕೂರಿಸಿಕೊಂಡು ಹೇಳಿಕೊಟ್ಟರು. ಫೋರ್ಕ್ ಎಂದು ಬರೆದರೆ, ಓಡುತ್ತಿರುವ ಪ್ರೋಗ್ರಾಂ ತನ್ನದೇ ಪಡಿಯಚ್ಚನ್ನು ಹುಟ್ಟಿಸುತ್ತದೆ. ಹುಟ್ಟಿಸಿದ್ದು ತಾಯಿ, ಹುಟ್ಟಿದ್ದು ಮಗು. ಮಗು ಕೆಲಸ ಮುಗಿಸಿದರೂ, ಅದು ಹೇಗೆ ಮುಗಿಯಿತೆಂದು ತಾಯಿ ವಿಚಾರಿಸುವವರೆಗೆ ಯಂತ್ರ ಇಟ್ಟುಕೊಳ್ಳುವ, ಇಂತಿಷ್ಟೇ ಜಾಗವಿರುವ ಪಟ್ಟಿಯಿಂದ ಅದರ ಹೆಸರು ಅಳಿಯದು. “ಹೆತ್ರೆ ಸಾಲದಪ್ಪಾ, ಏನಾಯ್ತು ಅಂತ ಕೇಳ್ಬೇಕು. ವೇಟ್ ಅಂತ ಬರೆಯೋದು ಅದಕ್ಕೇ” ಎಂದಿದ್ದರು.

ಕೇಳಿದೆ, ಬರೆದುಕೊಂಡೆ, ಮರೆತೆ.

ಅದೇ ವಿಭಾಗಕ್ಕೆ ಅಧ್ಯಾಪಕನಾಗಿ ಸೇರಿದ ಮೊದಲ ವರ್ಷ, ಪರೀಕ್ಷೆಯ ಉತ್ತರಗಳನ್ನು ಸ್ವೀಕರಿಸುವ ಪ್ರೋಗ್ರಾಂ ಬರೆದೆ. ಒಂದೊಂದು ಉತ್ತರಕ್ಕೂ ಒಂದು ಮಗು. ವೇಟ್ ಮಾತ್ರ ಇಲ್ಲ. ಮೇಡಂ ನನ್ನನ್ನು ನಂಬಿ, ಓದದೆಯೇ ಒಪ್ಪಿಗೆಯ ಸಹಿ ಹಾಕಿದರು. ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಕೆಲಸ ಮುಗಿಸಿಯೂ ಅಳಿಯದ ಸಾವಿರಾರು ಹೆಸರುಗಳಿಂದ ಪಟ್ಟಿ ತುಂಬಿ, ಯಂತ್ರ ಹೊಸದೇನನ್ನೂ ಆರಂಭಿಸಲೊಲ್ಲದಾಯಿತು. ಮೇಡಂ ಓಡಿ ಬಂದು, ತಾವು ಮುಂಚೆಯೇ ತೆರೆದಿಟ್ಟಿದ್ದ ಪರದೆಯಿಂದ ನನ್ನ ಪ್ರೋಗ್ರಾಮನ್ನು ಕೊಂದರು. ತಬ್ಬಲಿಯಾದ ಮಕ್ಕಳನ್ನು ಯಂತ್ರ ಚಾಲೂ ಆದಾಗ ಮೊಟ್ಟಮೊದಲು ಓಡತೊಡಗುವ ಪ್ರೋಗ್ರಾಂ ದತ್ತು ಪಡೆದು, ವಿಚಾರಿಸಿ, ಬೀಳ್ಕೊಟ್ಟಿತು. ಅಷ್ಟರಲ್ಲಿ ಪರೀಕ್ಷೆ ರದ್ದಾಗಿತ್ತು.

“ಇದನ್ನ ಬರೆದವರು ಯಾರು?” ಎಂದು ಪ್ರಾಂಶುಪಾಲರು ಸಭೆಯಲ್ಲಿ ಕೇಳಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಾಯಿಗೆ ಬೀಗ ಬಿತ್ತು.

“ಸಹಿ ನಂದು ಸಾರ್. ಹೊಣೆಯೂ ನಂದೇ” ಎಂದರು ಮೇಡಂ.

ಆ ವರ್ಷ ಅವರಿಗೆ ಬರಬೇಕಿದ್ದ ವಿಭಾಗ ಮುಖ್ಯಸ್ಥರ ಹುದ್ದೆ ಹೊರಗಿನವರೊಬ್ಬರ ಪಾಲಾಯಿತು. ಹನ್ನೆರಡು ವರ್ಷಗಳ ನಂತರ ಅದೇ ಕುರ್ಚಿ ನನಗೆ ದೊರೆತಾಗ ಮೊದಲು ಬಂದು ಕೈಕುಲುಕಿದವರೂ ಅವರೇ. ಅಂದೂ ನಾನು ತುಟಿ ಬಿಚ್ಚಲಿಲ್ಲ.

ಕಳೆದ ವಾರ, ಈ ಲೇಖನಕ್ಕೆ ಕೈ ಹಚ್ಚುವ ಮುನ್ನ, ಅವರ ಕೋಣೆಗೆ ಹೋದೆ. ಕಪಾಟಿನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

“ಮೇಡಂ, ಅವತ್ತು ನಾನು ಹೇಳ್ಬೇಕಿತ್ತು.”

“ಹೋಗ್ಲಿ ಬಿಡು” ಎನ್ನುವರೆಂದು ಆಸೆಪಟ್ಟಿದ್ದೆ.

“ಹೌದು, ಹೇಳ್ಬೇಕಿತ್ತು” ಎಂದರು. “ಹುದ್ದೆ ಹೋಗಿದ್ದಕ್ಕಲ್ಲ. ನೀನು ಬರ್ತೀಯ ಅಂತ ಒಂದು ವಾರ ಬಾಗಿಲು ತೆಗೆದಿಟ್ಕೊಂಡು ಕೂತಿದ್ದೆ.” ಆಮೇಲೆ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿಯಲು ಹೇಳಿದರು. ಹಿಡಿದೆ.

ತಪ್ಪು ನನ್ನದು. ಅದನ್ನು ಒಪ್ಪಿಕೊಳ್ಳಲು ಅವರ ಸೇವಾವಧಿಯೇ ಮುಗಿಯಬೇಕಾಯಿತೆಂಬುದು ನನ್ನ ಪಾಲಿನ ಕೊರಗು. ನಿವೃತ್ತಿಯ ಬಳಿಕ ಮೇಡಂ ಹೊಸ ವಿದ್ಯಾರ್ಥಿಗಳಿಗಾಗಿ ಯುನಿಕ್ಸ್ ಕೈಪಿಡಿಯೊಂದನ್ನು ಬರೆಯಲಿದ್ದಾರೆ. ಅದರ ಕರಡು ತಿದ್ದಲು ನನ್ನನ್ನು ಕರೆದಿಲ್ಲ. ಕರೆಯಿರೆಂದು ಕೇಳುವ ಮುಖ ನನಗಿಲ್ಲ. ಅವರ ಕಣ್ಣು, ಕೈ, ಆಯುಸ್ಸು ಗಟ್ಟಿಯಾಗಿರಲಿ, ಪುಸ್ತಕ ಬೇಗ ಹೊರಬರಲಿ. ಎಲ್ಲರಂತೆ ಸಾಲಿನಲ್ಲಿ ನಿಂತು ಒಂದು ಪ್ರತಿ ತೆಗೆದುಕೊಂಡು, ಈ ಸಲ ಗಮನವಿಟ್ಟು ಓದುತ್ತೇನೆ.