ತೋಯರ್ ಒಪ್ಪಿಕೊಂಡ ಸೂಜಿ

ಕೇಪ್‌ಟೌನ್‌ನ ಅಥ್ಲೋನ್ ಕಡೆ ವ್ಯಾನಿನಲ್ಲಿ ಸ್ನೂಕ್ ಮೀನು ಮಾರುತ್ತಿದ್ದ ತೋಯರ್ ಸಾಲಿ ಎಂಬುವನಿಗೆ ಹೃದಯಾಘಾತವಾದದ್ದು ಬಂದರಿನಲ್ಲೇ, ಮೀನಿನ ಕ್ರೇಟು ಎತ್ತುವಾಗ. ಜೀವ ಉಳಿಯಿತು, ಹೃದಯದ ಒಂದು ಪಕ್ಕ ಸತ್ತುಹೋಯಿತು. ಮಸೀದಿಗೆ ನಡೆದು ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಕೂತು ಉಂಡು ಗೊತ್ತಿಲ್ಲದ ಮನುಷ್ಯ, ಮನೆಯಲ್ಲಿ ಎಲ್ಲರ ಮೇಲೂ ಸಿಡುಕತೊಡಗಿದ.

ಆಸ್ಪತ್ರೆಯ ಡಾಕ್ಟರ್ ಮಾರೈಸ್ ಒಂದು ದಿನ ಹೊಸ ಪ್ರಯೋಗದ ಮಾತು ತೆಗೆದರು. ಹೃದಯದ ಸತ್ತ ಭಾಗಕ್ಕೆ ಸೂಜಿಯಿಂದ ಒಂದು ದ್ರವ ಬಿಡುತ್ತಾರಂತೆ. ಒಳಗೆ ಹೋದ ಮೇಲೆ ಅದು ಜೆಲ್ಲಿಯ ಹಾಗೆ ಗಟ್ಟಿಯಾಗಿ, ಸೋತ ಗೋಡೆಗೆ ಆಸರೆ ಕೊಡುತ್ತದಂತೆ.

"ಯಾವುದರಿಂದ ಮಾಡ್ತೀರಿ ಅದನ್ನ?" ತೋಯರ್ ಕೇಳಿದ.

"ಹಂದಿ ಹೃದಯದಿಂದ. ಜೀವಕೋಶ ಎಲ್ಲಾ ತೊಳೆದು ತೆಗೆದಿರ್ತೀವಿ."

ತೋಯರ್ ಟೋಪಿ ತಗೊಂಡು ಎದ್ದೇಬಿಟ್ಟ.

ಮನೆಯಲ್ಲಿ ಹೆಂಡತಿ ರುಗಾಯಾ ಬಿಡಲಿಲ್ಲ. "ತಿನ್ನು ಅಂದ್ರಾ ಅವ್ರು? ಬದುಕು ಅಂದ್ರು ತಾನೆ?"

"ಹಂದೀನ ಎದೇಲಿಟ್ಕೊಂಡು ನಮಾಜಿಗೆ ನಿಂತ್ಕೊಳ್ಲಾ?"

"ನಿಂತ್ಕೊಳ್ಳೋಕೆ ಶಕ್ತಿನಾದ್ರೂ ಬರುತ್ತಲ್ಲ! ಈಗ ಕುರ್ಚಿ ಮೇಲೆ ಕೂತು ಮಾಡ್ತಿದ್ದೀಯ."

ಅವಳ ತಮ್ಮ ರಷಾದ್ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕ. "ಆಮೇಲೆ ಗೊರಕೆ ಜೋರಾದ್ರೆ ನಮ್ಮನ್ನ ಬೈಬೇಡ, ಭಾವ."

ತೋಯರ್ ಚಪ್ಪಲಿ ಎಸೆದ. ಅದು ಅರ್ಧ ದಾರಿಯಲ್ಲೇ ಬಿತ್ತು.

ಆದರೂ ವಿಷಯ ಮನಸ್ಸನ್ನು ಕೊರೆಯುತ್ತಿತ್ತು. ಕೊನೆಗೆ ಇಮಾಮರ ಹತ್ತಿರ ಹೋದ. "ಬೇರೆ ದಾರಿ ಇಲ್ಲದಾಗ ಜೀವ ಉಳಿಸ್ಕೊಳ್ಳೋದು ತಪ್ಪಲ್ಲಪ್ಪ," ಎಂದರು ಅವರು. ಸಮಾಧಾನವಾಗದೆ ಇನ್ನೊಂದು ಮಸೀದಿಯ ಇಮಾಮರನ್ನೂ ಕೇಳಿದ. ಅವರದೂ ಅದೇ ಉತ್ತರ. ಉಪವಾಸ ಮಾಡಲೂ ಆಗದ ರಂಜಾನ್ ತಿಂಗಳು ಪೂರ್ತಿ ತನ್ನೊಳಗೇ ಗುದ್ದಾಡಿ, ಹಬ್ಬ ಕಳೆದ ಮೇಲೆ, "ಆಗ್ಲಿ, ಚುಚ್ಚಲಿ," ಎಂದ.

ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಡಾಕ್ಟರ್ ಮಾರೈಸ್ ಚಿತ್ರದಲ್ಲಿ ಹೃದಯದ ಸತ್ತ ಭಾಗದ ಮೇಲೆ ಬೆರಳಿಟ್ಟರು.

"ಸಾಲಿಯವರೇ, ಆ ಜಾಗದಲ್ಲಿ ಗೋಡೆ ತೀರಾ ತೆಳುವಾಗಿದೆ. ಸೂಜಿ ತೂರಿ ಆಚೆ ಹೋಗ್ಬಿಡುತ್ತೆ. ನಿಮ್ಮನ್ನ ಈ ಪ್ರಯೋಗಕ್ಕೆ ಸೇರಿಸ್ಕೊಳ್ಳೋಕಾಗಲ್ಲ."

"ಮೊದಲೇ ಒಪ್ಪಿದ್ರೆ ಆಗ್ತಿತ್ತಾ?"

"ಹೇಳೋಕಾಗಲ್ಲ. ಆಗಲೂ ಹೀಗೇ ಇದ್ದಿರಬಹುದು."

"ಹಾಗಾದ್ರೆ ಮೊದ್ಲು ಗೋಡೆ ನೋಡ್ಕೊಂಡು ಆಮೇಲೆ ನನ್ನ ಕೇಳ್ಬಾರದಿತ್ತಾ?" ತೋಯರ್ ಮೇಜು ಗುದ್ದಿದ. "ಇದಕ್ಕೋಸ್ಕರ ಅಲ್ಲಾನ ಹತ್ರ ಎಷ್ಟು ಜಗಳ ಆಡಿದೀನಿ, ಗೊತ್ತಾ ನಿಮಗೆ?"

ಗುದ್ದಿದ್ದಕ್ಕೇ ಏದುಸಿರು ಬಂತು. ಅದು ಅವನನ್ನು ಇನ್ನಷ್ಟು ಕೆರಳಿಸಿತು. ಡಾಕ್ಟರ್ ತಲೆ ತಗ್ಗಿಸಿ ಮಾತ್ರೆ ಬದಲಿಸಿ ಬರೆದರು.

ಈಗ ವ್ಯಾನು ಓಡಿಸುವುದು ರಷಾದ್, ಮೀನು ಕೊಯ್ಯುವುದು ರುಗಾಯಾ. ತೋಯರ್ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಕೂಗುತ್ತಾನೆ: "ಹಾಗಲ್ಲ ಕಣೇ, ಬೆನ್ನಿನ ಕಡೆಯಿಂದ ಸೀಳು!"

"ಗೊತ್ತು, ಸುಮ್ನಿರು," ಅನ್ನುತ್ತಾಳೆ ಅವಳು.

ಇಳಿದು ಹೋಗಿ ಚಾಕು ಕಿತ್ತುಕೊಳ್ಳೋಣ ಅನ್ನಿಸುತ್ತದೆ ಅವನಿಗೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಹಾಗೇ ಕೂತಿರುತ್ತಾನೆ.